ಶಾಣ್ಯಾ ದೀಪದ ಸಹವಾಸ ಸಾಕ್ರಿ

ಮೊನ್ನೆ ನಮ್ಮ ವೈನಿ ಫೋನ್ ಮಾಡಿ, "ಗಿಡಕ್ಕ ಹಚ್ಚೋ ಸ್ಮಾರ್ಟ್ ಲೈಟು ನಿಮ್ಮ ಮನ್ಯಾಗ ಅದ ಅಲ್ಲಾ, ಹೆಂಗದ? ನಾನೂ ಒಂದು ಆರ್ಡರ್ ಮಾಡೇಬಿಟ್ಟೀನಿ, ನಾಳೆ ಬರ್ತದ" ಅಂದ್ರು. ಅದಕ್ಕೂ ಮೊದಲ ಮೂರನೇ ಮಜಲಿನ ಮಾಮಿ ಕೇಳಿದ್ರು. ಅದಕ್ಕೂ ಮೊದಲ ಬೆಳಗಾವಿ ಮೌಶಿ ಮಗಳು. ಎಲ್ಲಾರಿಗೂ ಫೋನಿನ್ಯಾಗ ಅರ್ಧಾ ಅರ್ಧಾ ಹೇಳಿ ನನಗೂ ಸಾಕಾಗೇದ, ಅವ್ರಿಗೂ ಪೂರಾ ತಿಳಿದಿಲ್ಲ. ಅದಕ್ಕ ಒಮ್ಮೆ ಕೂತು ಬರದೇ ಬಿಡ್ತೀನಿ. ಓದಿದ ಮ್ಯಾಲೆ ಯಾರಿಗರೆ ಸಿಟ್ಟು ಬಂದ್ರ ಚಹಾಕ್ಕ ಬರ್ರಿ, ಎದುರಾಎದುರು ಜಗಳಾಡೋಣ.

ನಾನು ಹೇಳೋದು ಇಷ್ಟ. ಫ್ಲ್ಯಾಟಿನ ಒಳಗ ಗಿಡಕ್ಕ ಬೆಳಕು ಸಾಲಂಗಿಲ್ಲ ಅನ್ನೋದು ಖರೇ. ದೀಪಾ ಹಚ್ಚಿದ್ರ ಗಿಡಾ ಸುಧಾರಿಸ್ತಾವ ಅನ್ನೋದೂ ಖರೇ, ನಾನ ಕಣ್ಣಾರೆ ನೋಡೀನಿ. ಆದ್ರ ಆ ದೀಪಕ್ಕ ಶಾಣ್ಯಾತನ ಯಾಕ ಬೇಕು ಅಂತ ನನಗ ಇನ್ನೂ ಯಾರೂ ತಿಳಿಸಿ ಹೇಳಿಲ್ಲ. ಅದರ ಶಾಣ್ಯಾತನದಿಂದ ನಮ್ಮ ಮನ್ಯಾಗ ಏನೇನಾತು ಅನ್ನೋದನ್ನ ಕೇಳ್ರಿ, ಆಮ್ಯಾಲೆ ನಿಮ್ಮ ರೊಕ್ಕ, ನಿಮ್ಮ ಮರ್ಜಿ.

ನಾವು ಮಾಳಮಡ್ಡಿ ಮನಿ ಬಿಟ್ಟು ಫ್ಲ್ಯಾಟಿಗೆ ಬಂದು ನಾಕು ವರ್ಷ ಆತು. ಅಲ್ಲೆ ಹಿತ್ತಲ ಇತ್ತು, ತುಳಸಿ ಕಟ್ಟಿ ಇತ್ತು, ಬಿಸಲು ಪುಕ್ಕಟ ಇತ್ತು. ಗಿಡಕ್ಕ ಬೆಳಕು ಸಾಲ್ತದೋ ಇಲ್ಲೋ ಅನ್ನೋ ವಿಚಾರಾನ ಎಂದೂ ಮಾಡಿದ್ದಿಲ್ಲ. ಹೊಂಟು ಬರೋವಾಗ ಅತ್ತಿ ಒಳಕಲ್ಲು ಬಿಟ್ರು, ಬೀಸೋಕಲ್ಲು ಬಿಟ್ರು, ಕಟ್ಟಿಗಿ ಪೆಟಗಿ ಬಿಟ್ರು, ಆದ್ರ ತುಳಸಿ ಮಾತ್ರ ಬಿಡ್ಲಿಲ್ಲ. ಕಟ್ಟಿ ಮ್ಯಾಲಿನ ತುಳಸಿ ಮಂಜರಿ ಕಿತ್ತು ಬೀಜಾ ಸೆರಗಿನ್ಯಾಗ ಕಟ್ಟಿಕೊಂಡು ಬಂದು, ಇಲ್ಲೆ ಕುಂಡದಾಗ ಹಾಕಿದ್ರು. ಮೊದಲ ವರ್ಷ ಛಂದ ಬಂತು. ಆಮ್ಯಾಲೆ ನಮ್ಮ ಗ್ಯಾಲರಿ ಎದುರಿಗೆ ಐದು ಮಜಲಿನ ಬಿಲ್ಡಿಂಗ್ ಎದ್ದು ನಿಂತಿತು. ನಮ್ಮದು ಮೊದಲೇ ಬಡಗಣ ದಿಕ್ಕಿನ ಗ್ಯಾಲರಿ. ಅದರಾಗ ಅರ್ಧಾ ವಾಷಿಂಗ್ ಮಷಿನ್ ನುಂಗೇದ, ಇನ್ನರ್ಧಾ ಅರಿವಿ ಒಣಗಿಸೋ ಹಗ್ಗ. ತುಳಸಿ ಒಳಗ ಬಂತು, ಖಿಡಕಿ ಬಾಜು.

ಎರಡು ತಿಂಗಳಿನ್ಯಾಗ ಅದರ ರೂಪಾನ ಬದಲಾತು. ಎಲಿ ಸಣ್ಣ, ಕಾಂಡ ಉದ್ದಕ, ಸಣಕಲ ಟೊಂಗಿ ಎಲ್ಲಾ ಖಿಡಕಿ ಕಡೆ ವಾಲಿಕೊಂಡು ನಿಂತಿದ್ವು. ಅತ್ತಿ ದಿನಾ ಮುಂಜಾನೆ ನೀರು ಹಾಕಿ, ಕುಂಕುಮ ಹಚ್ಚಿ, ಒಂದು ನಮಸ್ಕಾರ ಹಾಕಿ, "ಇದೂ ನನ್ನಂಗ ಹೊರಗ ನೋಡಕೋತ ಕೂತದ" ಅಂತಿದ್ರು. ಅವ್ರು ನಗತಾನ ಅಂತಿದ್ರು, ನನಗ ಮಾತ್ರ ನಗಿ ಬರ್ತಿದ್ದಿಲ್ಲ.

ಇಲ್ಲೆ ಒಂದು ಮಾತು ಹೇಳೇಬೇಕು, ಯಾಕಂದ್ರ ನಾವೆಲ್ಲಾರೂ ಇದರಾಗ ಮೋಸ ಹೋಗೀವಿ. ಮನ್ಯಾಗ ಟ್ಯೂಬ್ ಲೈಟು ಹಚ್ಚಿದ್ರ ನಮಗ ಬೆಳ್ಳಗ ಬೆಳಕು ಕಾಣಸ್ತದ, ಗಿಡಕ್ಕೂ ಸಾಕು ಅಂತ ತಿಳಕೋತೀವಿ. ನಮ್ಮ ಕಣ್ಣು ಭಾಳ ಹುಷಾರ್ ಅವ, ಕತ್ತಲಿಗೂ ಹೊಂದಿಕೋತಾವ, ಬಿಸಲಿಗೂ ಹೊಂದಿಕೋತಾವ. ಗಿಡಕ್ಕ ಅಂಥಾ ಅನುಕೂಲ ಇಲ್ಲ. ಬೆಳಕು ಅಳಿಯೋ ಮಾಪಿಗೆ ಲಕ್ಸ್ ಅಂತಾರ. ಮಧ್ಯಾಹ್ನದ ನೆಟ್ಟನ ಬಿಸಲು ಹತ್ತತ್ರ 1,00,000 ಲಕ್ಸ್. ಟ್ಯೂಬ್ ಹಚ್ಚಿದ ಪಡಸಾಲ್ಯಾಗ 150ರಿಂದ 300 ಅಷ್ಟ. ಅಂದ್ರ ನಮಗ ಹೊಟ್ಟಿ ತುಂಬ ಊಟ ಅನಸೋದು ಗಿಡಕ್ಕ ಒಂದು ಅನ್ನದ ಅಗಳು. ಮನಿ ಪ್ಲಾಂಟು, ಸ್ನೇಕ್ ಪ್ಲಾಂಟು ಅಂಥಾವು ಆ ಅಗಳಿನ ಮ್ಯಾಲೇ ಉಪವಾಸ ಮಾಡಕೋತ ವರ್ಷಗಟ್ಟಲೆ ಬದುಕ್ತಾವ. ತುಳಸಿ, ಮೆಂತೆ, ಕೊತ್ತಂಬರಿ, ಸೇವಂತಿಗಿ ಬಿಸಲಿನ ಮಕ್ಕಳು, ಅವಕ್ಕ ಆಗಂಗಿಲ್ಲ. ಹಿಂಗಾಗಿ ದೀಪಾ ಬೇಕು ಅನ್ನೋದಕ್ಕ ನಂದು ತಕರಾರೇ ಇಲ್ಲ.

ಆಷಾಢದಾಗ ಮಗಾ ಪುಣೆದಿಂದ ಬಂದಾವ ಅಜ್ಜಿ ತುಳಸಿ ನೋಡಿ ಮರುಗಿದ. ಅವಂದು ಒಳ್ಳೇ ಮನಸ್ಸು, ಅದನ್ನ ಮೊದಲ ಹೇಳಿಬಿಡ್ತೀನಿ, ಇಲ್ಲಂದ್ರ ಓದಿ ಎಲ್ಲಾರೂ ಅವಗ ಫೋನ್ ಮಾಡ್ತೀರಿ. ಎರಡೇ ದಿನದಾಗ ಪಾರ್ಸೆಲ್ ಬಂತು. 36 ವ್ಯಾಟಿನ ಬುಡ್ಡಿ ದೀಪ, ಜೋಡಿ ಒಂದು ಸ್ಟ್ಯಾಂಡು, ಒಂದು ಆ್ಯಪ್. ಐತವಾರ ಮುಂಜಾನೆ ಹತ್ತಕ್ಕ ಕೂತಾವ ಮಧ್ಯಾಹ್ನ ಮೂರಕ್ಕ ಎದ್ದ. ಆ ದೀಪಕ್ಕ ನಮ್ಮ ವೈಫೈ ಸಿಗವಲ್ತು. ಆಮ್ಯಾಲೆ ತಿಳೀತು, ಇಂಥಾ ದೀಪಗೋಳಿಗೆ ಭಾಳ ಮಾಡಿ 2.4 ಗಿಗಾಹರ್ಟ್ಸಿನ ವೈಫೈನ ಬೇಕು, 5ರದ್ದು ನಡಿಯಂಗಿಲ್ಲ ಅಂತ. ರೌಟರ್ ತೆರದು ಅದನ್ನ ಬ್ಯಾರೆ ಮಾಡಿ, ಹೊಸಾ ಹೆಸರು ಕೊಟ್ಟು, ಓಟಿಪಿ ತರಿಸಿ, ಕಡೀಕೆ ದೀಪ ಹತ್ತಿತು. ಓಟಿಪಿ ಬಂದದ್ದು ಅವನ ಫೋನಿಗೆ. ಇದನ್ನ ನೆನಪಿಟ್ಟುಕೊಳ್ರಿ, ಮುಂದ ಕೆಲಸಕ್ಕ ಬರ್ತದ.

ಮಂಗಳವಾರ ಹೊಂಟು ನಿಂತಾಗ ಗ್ವಾಡಿ ಮ್ಯಾಲಿನ ಸ್ವಿಚ್ಚಿಗೆ ಬಿಳೀ ಟೇಪ್ ಹಚ್ಚಿದ. "ಅಮ್ಮಾ, ಈ ಸ್ವಿಚ್ ಯಾರೂ ಮುಟ್ಟಬ್ಯಾಡ್ರಿ. ಇದು ಬಂದ್ ಆದ್ರ ದೀಪ ಆಫ್‌ಲೈನ್ ಆಗ್ತದ. ಎಲ್ಲಾ ನಾ ಅಲ್ಲಿಂದನ ನೋಡಕೋತೀನಿ, ನೀವು ನೀರು ಹಾಕ್ರಿ ಸಾಕು" ಅಂದ. ಆವಾಗ ನನಗ ಅದು ಕಾಳಜಿ ಅನಸ್ತು. ಕಾಳಜೀನ ಅದು. ಆದ್ರ ಮನ್ಯಾಗಿನ ಒಂದು ಸ್ವಿಚ್ಚಿಗೆ ಟೇಪ್ ಹಚ್ಚಿ, ಮುಟ್ಟಬ್ಯಾಡ ಅಂತ ಮನಿ ಹೆಂಗಸಿಗೆ ಹೇಳಿ ಹೋದ್ರೂ ನಾನು ಹೂಂ ಅಂದೆ ನೋಡ್ರಿ!

ಆ್ಯಪಿನ್ಯಾಗ ಹೂವಿನ ಗಿಡ, ಎಲಿ ಗಿಡ ಅಂತ ತಯಾರ್ ವ್ಯವಸ್ಥಾ ಇದ್ವು. ಮಗಾ ಹೂವಿನ ಗಿಡದ್ದು ಒತ್ತಿ ಹೋಗಿದ್ದ, ಯಾಕಂದ್ರ ಶ್ರಾವಣದಾಗ ನಾನು ಸೇವಂತಿಗಿ ಹಚ್ಚೋದಿತ್ತು. ನಸುಕಿನ ಐದಕ್ಕ ದೀಪ ಹತ್ತೋದು, ರಾತ್ರಿ ಹನ್ನೊಂದಕ್ಕ ಆರೋದು. ಹದಿನೆಂಟು ತಾಸು. ಬಣ್ಣ ನೇರಳೆ. ನಸುಕಿನ್ಯಾಗ ನಮ್ಮ ಖಿಡಕಿ ನೋಡಿ ವಾಚಮನ್ ಒಂದಿನ ನಮ್ಮ ಮನಿಯವ್ರಿಗೆ, "ಸಾಹೇಬ್ರ, ಮನ್ಯಾಗ ಡಿಸ್ಕೋ ಹಚ್ಚೀರೇನ್ರಿ?" ಅಂತ ಕೇಳಿದ್ನಂತ. ಅವ್ರು ಅದನ್ನ ಇನ್ನೂ ಎಲ್ಲಾರ ಮುಂದ ಹೇಳಿ ನಗಸ್ತಾರ. ಆ ನೇರಳೆ ಬೆಳಕಿನ ಕೆಳಗ ತುಳಸಿ ಎಲಿ ಕರ್ರಗ ಕಾಣಸ್ತಿತ್ತು, ಸುಟ್ಟಂಗ. ಎಲಿ ಬೆನ್ನಿಗೆ ಬಿಳೀ ಹುಳಾ ಹತ್ತಿದ್ದು ನನಗ ಹದಿನೈದು ದಿನಾ ತಿಳೀಲೇ ಇಲ್ಲ. ಹಸರು ಬಣ್ಣನ ಕಾಣದ ಬೆಳಕಿನ್ಯಾಗ ಹಸರು ಎಲಿ ಮ್ಯಾಲಿನ ಕಲೆ, ಹುಳಾ ಹೆಂಗ ಕಾಣಸ್ಬೇಕು?

ಮತ್ತ ಆ ನೇರಳೆ ಬಣ್ಣದಾಗ ಏನೋ ವಿದ್ಯಾ ಅದ ಅಂತ ಎಲ್ಲಾರೂ ತಿಳದಾರ. ಇಷ್ಟ ಅದರಾಗ: ಗಿಡಾ ಕೆಂಪು, ನೀಲಿ ಬೆಳಕನ್ನ ಭಾಳ ಚೊಲೊ ಹೀರತಾವ. ಮೊದಲ ಮೊದಲ ಎಲ್‌ಇಡಿ ಬಂದಾಗ ಕೆಂಪು-ನೀಲಿ ಅಷ್ಟ ಕೂಡಿಸಿ ಹಚ್ಚಿದ್ರು, ಎರಡೂ ಕೂಡಿ ನೇರಳೆ ಆತು. ಬಿಳೀ ಎಲ್‌ಇಡಿಯೊಳಗ ಅವೆರಡೂ ಇರ್ತಾವ, ಹಸರೂ ಇರ್ತದ, ಹಸರನ್ನೂ ಗಿಡಾ ಸ್ವಲ್ಪ ಉಪಯೋಗಿಸ್ತಾವ. ಅಡಗಿಮನ್ಯಾಗ ಹಚ್ಚೋ ಬಿಳೀ ಟ್ಯೂಬ್ ಗಿಡಕ್ಕ ನಡೀತದ. ಪೆಟ್ಟಿಗಿ ಮ್ಯಾಲೆ ಗಿಡದ ಚಿತ್ರ ಇಲ್ಲ ಅಂತ ಗಿಡಾ ಏನ್ ಬ್ಯಾಡ ಅನ್ನಂಗಿಲ್ಲ.

ಈಗ ಸೇವಂತಿಗಿ ಕಥಿ. ಕೆಳಗಿನ ಮನಿ ಮಾಮಿ ಒಂದೇ ಗಿಡದಿಂದ ಟೊಂಗಿ ಕಿತ್ತು ತಾವೂ ಹಚ್ಚಿದ್ರು, ನನಗೂ ಮೂರು ಕೊಟ್ರು. ಅವ್ರು ಮೂಡಣ ಖಿಡಕ್ಯಾಗಿಟ್ರು. ದೀಪ ಇಲ್ಲ, ದೀವಿಗಿ ಇಲ್ಲ. ನಂದು ಶಾಣ್ಯಾ ದೀಪದ ಕೆಳಗ. ಭಾದ್ರಪದದಾಗ ನಮ್ಮ ಗಿಡಾ ನೋಡಿದವ್ರೆಲ್ಲಾ ಬಾಯಿ ಮ್ಯಾಲೆ ಬಟ್ಟು ಇಟ್ಟುಕೊಂಡ್ರು, ಹಂಗ ದಟ್ಟ ಹಸರು, ಮೊಳಕಾಲೆತ್ತರ. ಮಾಮೀವು ಪಾಪ, ಗೇಣುದ್ದ. ಆ್ಯಪ್‌ನ್ಯಾಗಿಂದ ಮಗಾ ಫೋಟೋ ಕಳಸ್ತಿದ್ದ, ಅದರಾಗ ನಗೋ ಮುಖದ ಗಿಡದ ಚಿತ್ರ, ಕೆಳಗ ನಿಮ್ಮ ಗಿಡಗೋಳು ಖುಷಿಲೆ ಅವ ಅಂತ ಬರದಿತ್ತು. ನಾನೂ ನಂಬಿದೆ. ಖರೇ ಹೇಳ್ತೀನಿ, ನೀರು ಹಾಕೋದು ಬಿಟ್ರ ಆ ಎರಡು ತಿಂಗಳು ನಾನು ಗಿಡದ ಮುಂದ ನಿಂತು ನೋಡೇ ಇಲ್ಲ. ಯಾರೋ ನೋಡಕೊಳ್ಳಿಕತ್ತಾರ ಅಲ್ಲಾ, ನನಗೇನು ಅಂತ. ಈ ತಪ್ಪು ಮಾತ್ರ ನಂದ, ದೀಪದ್ದಲ್ಲ.

ದೀಪಾವಳಿ ಬಂತು. ಲಕ್ಷ್ಮೀ ಪೂಜಾಕ್ಕ ಮಾಮಿ ತಮ್ಮ ಮನಿ ಸೇವಂತಿಗಿ ಹೂವು ಒಂದು ಪರಾತದ ತುಂಬ ಕಿತ್ತು, ನಮಗೂ ಒಂದು ಬೊಗಸಿ ಕೊಟ್ಟು ಕಳಸಿದ್ರು. ನಮ್ಮ ಮೂರೂ ಗಿಡದಾಗ ಒಂದು ಮೊಗ್ಗಿ ಇದ್ದಿದ್ದಿಲ್ಲ. ಒಂದೂ! ನಾನು ಗೊಬ್ಬರ ಕಡಿಮಿ ಆತೇನೋ ಅಂತ ನರ್ಸರಿಗೆ ಹೋಗಿ ಕೇಳಿದೆ. ಅಲ್ಲಿದ್ದಾವ ಒಂದೇ ಪ್ರಶ್ನೆ ಕೇಳಿದ: "ರಾತ್ರಿ ಮನ್ಯಾಗ ಅದರ ಮ್ಯಾಲೆ ಲೈಟ್ ಬೀಳ್ತದೇನ್ರಿ ಅಕ್ಕಾರ?" ಹೂಂ ಅಂದೆ. "ಮತ್ತ ಹೂವು ಹೆಂಗ ಬರಬೇಕ್ರಿ?" ಅಂದು ನಕ್ಕ.

ಸೇವಂತಿಗಿ ಹೂ ಬಿಡೋದು ರಾತ್ರಿ ಎಣಿಸಿ. ನಮ್ಮ ಕಡೆ ಬ್ಯಾಸಗಿ ಮುಗಿಯೋ ಹೊತ್ತಿಗೆ ಹಗಲು ಹತ್ತತ್ರ 13 ತಾಸು ಇರ್ತದ, ಡಿಸೆಂಬರಿನ್ಯಾಗ ಹನ್ನೊಂದೂ ಕಾಲಿಗೆ ಇಳೀತದ. ಹಂಗ ರಾತ್ರಿ ಉದ್ದ ಆಗಕೋತ ಬಂದಂಗ ಈ ಗಿಡಕ್ಕ ಸುದ್ದಿ ಮುಟ್ತದ, ಮೊಗ್ಗಿ ಹಿಡೀತದ. ನಡುವ ರಾತ್ರಿ ಬೆಳಕು ಬಿದ್ರ ಅದಕ್ಕ ಇನ್ನೂ ಬ್ಯಾಸಗಿನ ಅದ ಅಂತ ಅನಸ್ತದ. 1920ರಾಗ ಅಮೆರಿಕಾದ ಕೃಷಿ ಇಲಾಖೆಯ ಗಾರ್ನರ್, ಅಲ್ಲಾರ್ಡ್ ಅನ್ನೋ ಇಬ್ಬರು ತಂಬಾಕಿನ ಗಿಡದ ಮ್ಯಾಲೆ ಇದನ್ನ ತೋರಿಸಿಕೊಟ್ಟು ಬರದಿಟ್ಟಾರ. ಅಷ್ಟು ದೂರ ಯಾಕ, ಚಿಕ್ಕಬಳ್ಳಾಪುರದ ಕಡೆ ರೈತರು ಸೇವಂತಿಗಿ ಹೊಲದ ತುಂಬ ತಂತಿ ಎಳದು ಬಲ್ಬ್ ಜೋತು ಬಿಟ್ಟಿರ್ತಾರ, ರಾತ್ರಿ ರೈಲಿನ್ಯಾಗ ಹೋಗೋವಾಗ ಊರಿಗೆ ಊರೇ ಜಾತ್ರಿ ಕಂಡಂಗ ಕಾಣಸ್ತದ. ಅವ್ರು ಹೂವು ಬರ್ಲಿ ಅಂತ ಅದನ್ನ ಹಚ್ಚಂಗಿಲ್ಲ. ಗಿಡಾ ಇನ್ನೂ ಬೆಳೀಲಿ, ಹೂವು ತಡಾ ಆಗಲಿ, ತಮಗ ಬೇಕಾದ ಹಬ್ಬಕ್ಕ ಬರ್ಲಿ ಅಂತ ಹಚ್ತಾರ. ಆಮ್ಯಾಲೆ ದಿನಾ ಲೆಕ್ಕ ಹಾಕಿ ಆರಸ್ತಾರ. ಅದು ಶಾಣ್ಯಾತನ. ನನ್ನ ದೀಪಕ್ಕ ಹೂವಿನ ಗಿಡ ಅಂತ ಒಂದೇ ಬಟನ್ ಇತ್ತು, ದಾಸವಾಳಕ್ಕೂ ಅದ, ಸೇವಂತಿಗಿಗೂ ಅದ. ಹೂವು ಬರಬಾರದು ಅಂತ ರೈತರು ಮಾಡೋ ಕೆಲಸಾನ ಅದು ಹೂವು ಬರ್ಲಿ ಅಂತ ನಾಕು ತಿಂಗಳು ಮಾಡಿತು, ಜೋಡಿಗೆ ಖುಷಿಲೆ ಅವ ಅಂತ ಸುಳ್ಳ ಬ್ಯಾರೆ ಹೇಳ್ತು.

ಮಗಗ ಹೇಳಿದೆ. ಅವಾ ಆಫೀಸಿನ್ಯಾಗಿದ್ದ, ಸಂಜಿಗೆ ಮಾಡ್ತೀನಿ ಅಂದ. ಮೂರು ದಿನಾ ಬಿಟ್ಟು ಮಾಡಿದ. ದುಡಿಯೋ ಹುಡುಗ, ಅವಗ ನೂರೆಂಟು ಕೆಲಸ. ನನಗ ಮಾಡಲಿಕ್ಕೆ ಬರ್ತಿತ್ತಾ ಅಂದ್ರ, ನನ್ನ ಫೋನಿನ್ಯಾಗ ಆ ಆ್ಯಪೇ ಇಲ್ಲ. ಹಾಕಿಕೊಂಡೆ, ಅದು ಅವನ ನಂಬರಿಗೆ ಓಟಿಪಿ ಕಳಸ್ತು. ನನ್ನ ಪಡಸಾಲ್ಯಾಗ, ನನ್ನ ಕುಂಡದ ಮ್ಯಾಲೆ ಉರಿಯೋ ದೀಪ ಆರಸ್ಲಿಕ್ಕೆ ಪುಣೆಕ್ಕ ಅರ್ಜಿ.

ತುಳಸಿ ಲಗ್ನದ ದಿವಸ ಎಲ್ಲಾ ಮುಗೀತು. ಹನ್ನೆರಡನೇ ದಿನಾ ಸಂಜಿ, ನೀವೂ ಕೆಲವ್ರು ಬಂದಿದ್ರಿ. ಕಬ್ಬು ಕಟ್ಟಿ, ನೆಲ್ಲಿ ಟೊಂಗಿ ಇಟ್ಟು, ಅತ್ತಿ ಹಸರು ಖಣಾ ಏರಿಸಿ, ಬಳಿ ಇಟ್ಟು ಛಂದ ಅಲಂಕಾರ ಮಾಡಿದ್ರು. ಮ್ಯಾಲೆ ಅದೇ ನೇರಳೆ ಬೆಳಕು. ಖಣಾ ಕಪ್ಪಗ, ತುಳಸಿ ಕಪ್ಪಗ. ಅತ್ತಿ ಮೆಲ್ಲಕ ನನ್ನ ಕಿವ್ಯಾಗ, "ಇದೊಂದನ್ನ ಸ್ವಲ್ಪ ಹೊತ್ತು ಆರಸ್ಲಿಕ್ಕೆ ಬರ್ತದೇನವಾ?" ಅಂತ ಕೇಳಿದ್ರು. ಎಂಬತ್ತೆರಡು ವರ್ಷದಾಕಿ, ಈ ಮನಿ ಹಿರೇಮನಷ್ಯಾಳು, ಒಂದು ದೀಪಾ ಆರಸಲಿಕ್ಕೆ ಅಪ್ಪಣಿ ಕೇಳೋಹಂಗ ಕೇಳಿದ್ರು. ನನಗ ಅಲ್ಲೇ ಹೊಟ್ಯಾಗ ಕಲಿಸಿದಂಗಾತು. ಸೀದಾ ಹೋಗಿ ಆ ಬಿಳೀ ಟೇಪ್ ಹರದು ಸ್ವಿಚ್ ಬಂದ್ ಮಾಡಿದೆ. ಸಮೆ ದೀಪದ ಬೆಳಕಿನ್ಯಾಗ ತುಳಸಿ ಮತ್ತ ತುಳಸಿಯಂಗ ಕಾಣಿಸಿತು, ಮಂಗಳಾಷ್ಟಕ ಹೇಳಿ ಅಕ್ಕಿಕಾಳು ಹಾಕಿದ್ವಿ.

ಆರತಿ ಇನ್ನೂ ಕೈಯಾಗ ಇತ್ತು, ಫೋನ್ ಬಂತು. ಪುಣೆದಿಂದ. ಅವನ ಫೋನಿನ್ಯಾಗ ದೀಪ ಆಫ್‌ಲೈನ್ ಅಂತ ಸೂಚನಾ ಬಂದಿತ್ತಂತ. "ಅಮ್ಮಾ, ಸ್ವಿಚ್ ಮುಟ್ಟಿದಿ ಏನು?"

ಸಿಟ್ಟಿಲೆ ಕೇಳಲಿಲ್ಲ ಅವಾ. ಸುಮ್ನ ಕೇಳಿದ. ಆದ್ರ ನಾನು ಒಂದು ಕ್ಷಣ, ಉಪ್ಪಿನಕಾಯಿ ಭರಣಿಗೆ ಕೈ ಹಾಕಿ ಸಿಕ್ಕಿಬಿದ್ದ ಹುಡುಗಿಯಂಗ, "ಇಲ್ಲೋ, ಏನೋ ಆಗಿರಬೇಕು" ಅಂದೆ. ನನ್ನ ಮನ್ಯಾಗ ನನ್ನ ಸ್ವಿಚ್ ಒತ್ತಿ, ನಾನು ಸುಳ್ಳ ಹೇಳಿದೆ. ಅವತ್ತ ರಾತ್ರಿ ನಿದ್ದಿ ಹತ್ತಲಿಲ್ಲ. ಮರುದಿನ ಮುಂಜಾನೆ ಅವಗ ಫೋನ್ ಮಾಡಿ ಖರೇ ಹೇಳಿ, ದೀಪಾ ಬಿಚ್ಚಿ ಅಟ್ಟದ ಮ್ಯಾಲೆ ಇಟ್ಟೆ.

ಇದನ್ನೆಲ್ಲಾ ಹೇಳಿದ್ರ ನಮ್ಮ ಮನಿಯವ್ರು ಒಂದು ವಾದಾ ತೆಗೀತಾರ, ನಿಮ್ಮ ಮನಿಯವ್ರೂ ತೆಗೀತಾರ, ಅದಕ್ಕ ಮೊದಲ ಉತ್ತರಾ ಕೊಟ್ಟುಬಿಡ್ತೀನಿ. "ಮಿಕ್ಸರ್ ಬಂದಾಗ ಒಳಕಲ್ಲು ಬಿಟ್ರಿ, ವಾಷಿಂಗ್ ಮಷಿನ್ ಬಂದಾಗ ಒಗೆಯೋ ಕಲ್ಲು ಬಿಟ್ರಿ, ಈಗ ಇದೊಂದಕ್ಕ ಯಾಕ ತಕರಾರು?" ಅಂತ. ಯಾಕಂದ್ರ ಮಿಕ್ಸರ್ ನಾನು ಬಂದ್ ಮಾಡಿದ್ರ ಬಂದ್ ಆಗ್ತದ. ಯಾಕ ಬಂದ್ ಮಾಡಿದಿ ಅಂತ ಮಿಕ್ಸರ್ ಯಾರಿಗೂ ಚಾಡಿ ಹೇಳಂಗಿಲ್ಲ. ವಾಷಿಂಗ್ ಮಷಿನ್ ನನ್ನ ರಟ್ಟಿ ನೋವು ಇಳಿಸೇದ, ಅದಕ್ಕ ಕೈಮುಗೀತೀನಿ. ಗಿಡದ ಮುಂದ ನಿಂತು ಎಲಿ ತಿರುವಿ ನೋಡೋದು ನನಗ ಯಾವತ್ತ ನೋವು ಆಗಿತ್ತು? ಅದು ದಿನದಾಗ ನಂದ ಅಂತ ಇರೋ ಹತ್ತು ನಿಮಿಷ. ನಾನು ಕೇಳದನ ಇದ್ದ ಕೆಲಸಾ ಹಗರ ಮಾಡ್ತೀನಿ ಅಂತ ಬಂದು, ಅದನ್ನ ಒಯ್ದು ಒಂದು ಫೋನಿನ್ಯಾಗ ಇಟ್ಟು ಹೋದ್ರ ಅದಕ್ಕ ಹೆಂಗ ಉಪಕಾರ ಅನ್ನಲಿ?

ಇನ್ನೊಂದು ವಾದ, ಮರವು. "ನೀವು ಹಚ್ಚಲಿಕ್ಕೆ ಮರೀತೀರಿ, ಆರಸಲಿಕ್ಕೆ ಮರೀತೀರಿ, ಅದಕ್ಕ ಆ್ಯಪ್." ಇದು ಖರೇ, ಒಪ್ಪಿಕೋತೀನಿ. ಮರೀತೀನಿ. ಗಿಡಕ್ಕ ನಿತ್ಯ ಒಂದೇ ಹೊತ್ತಿಗೆ ಬೆಳಕು, ಒಂದೇ ಹೊತ್ತಿಗೆ ಕತ್ತಲಿ ಬೇಕು. ಆದ್ರ ಅದಕ್ಕ ಟೈಮರ್ ಅಂತ ಒಂದು ಪ್ಲಗ್ ಸಿಗ್ತದ, ಲೈಟಿನ ಸಾಮಾನು ಮಾರೋ ದೊಡ್ಡ ಅಂಗಡ್ಯಾಗ ಕೇಳ್ರಿ. ನನಗ ಆರನೂರು ರೂಪಾಯಿಗೆ ಬಂತು. ಮುಂದ ಗಡಿಯಾರದಂಥಾ ಚಕ್ರ, ಸುತ್ತಲೂ 96 ಸಣ್ಣ ಹಲ್ಲು, ಒಂದೊಂದು ಹಲ್ಲಿಗೆ ಕಾಲು ತಾಸು. ಬೇಕಾದಷ್ಟು ಹಲ್ಲು ಒತ್ತಿದ್ರ ಆತು. ವೈಫೈ ಬ್ಯಾಡ, ಓಟಿಪಿ ಬ್ಯಾಡ, ಅತ್ತಿಗೂ ತಿಳೀತದ. ಬಾಜೂಕ ಒಂದು ಗುಂಡಿ ಇರ್ತದ, ಟೈಮರ್ ಬ್ಯಾಡಾಗಿದ್ರ ಸೀದಾ ಹಚ್ಚಲಿಕ್ಕೂ ಬರ್ತದ. ಒಂದು ಕೊರತಿ ಅದ, ಮುಚ್ಚಿಡಂಗಿಲ್ಲ: ಕರೆಂಟು ಹೋದಷ್ಟು ಹೊತ್ತು ಚಕ್ರಾ ನಿಂತಿರ್ತದ, ಅಷ್ಟು ಹಿಂದ ಬೀಳ್ತದ. ನಾನು ಐತವಾರಕ್ಕೊಮ್ಮೆ ಗಡಿಯಾರ ನೋಡಿ ತಿರುವಿ ಸರಿ ಮಾಡ್ತೀನಿ. ಬ್ಯಾಡಂದ್ರ ಒಳಗ ಬ್ಯಾಟರಿ ಇರೋ ಅಂಕಿ ಟೈಮರ್ ಸಿಗ್ತಾವ, ಅವು ಹಿಂದ ಬೀಳಂಗಿಲ್ಲ.

ದೀಪಕ್ಕ ಎರಡು 20 ವ್ಯಾಟಿನ ಎಲ್‌ಇಡಿ ಟ್ಯೂಬ್ ತಂದೆ, ನಾಕು ಫೂಟಿನವು, ಬಿಳೀ ಬಣ್ಣ. ಡಬ್ಬಿ ಮ್ಯಾಲೆ 6500 ಕೆ ಅಂತ ಇರ್ತದ ನೋಡ್ರಿ, ಅದು. ಹಳೇ ಪುಸ್ತಕದ ಶೆಲ್ಫಿನ ಮ್ಯಾಲಿನ ಹಲಗಿ ಕೆಳಗ ಎರಡನ್ನೂ ಜೋಡಿ ಮಾಡಿ ಬಿಗಿಸಿ, ಕೆಳಗಿನ ಹಲಗಿ ಮ್ಯಾಲೆ ಕುಂಡ. ಇದರಾಗ ಒಂದೇ ಗುಟ್ಟು, ಎತ್ತರ. ತುಳಸಿ ತುದಿಗೂ ಟ್ಯೂಬಿಗೂ ನಡುವ ಒಂದು ಗೇಣಿಗಿಂತ ಹೆಚ್ಚಿರಬಾರದು. ಬಲ್ಬಾದ್ರ ದೂರ ಎರಡರಷ್ಟಾದಾಗ ಬೆಳಕು ಕಾಲು ಭಾಗಕ್ಕ ಇಳೀತದ, ಟ್ಯೂಬಿಗೆ ಅಷ್ಟು ಲಗೂನ ಇಳಿಯಂಗಿಲ್ಲ, ಆದ್ರೂ ಇಳೀತದ. ಛತ್ತಿಗೆ ದೀಪ ಹಚ್ಚಿ ನೆಲದ ಮ್ಯಾಲೆ ಕುಂಡ ಇಟ್ಟು, ಗ್ರೋ ಲೈಟು ಸುಳ್ಳ ಅಂತ ಬೈಯೋರನ್ನ ನಾನು ನೋಡೀನಿ. ಎಲ್‌ಇಡಿ ಅಷ್ಟು ಕಾಯಂಗಿಲ್ಲ, ಎಲಿ ಸುಡಂಗಿಲ್ಲ, ಹೆದರಬ್ಯಾಡ್ರಿ. ಹೆದರೋದಾದ್ರ ನೀರಿಗೆ ಹೆದರ್ರಿ: ಪ್ಲಗ್ ಯಾವಾಗ್ಲೂ ಕುಂಡಕ್ಕಿಂತ ಮ್ಯಾಲೆ ಇರಲಿ, ವೈರು ಸ್ವಲ್ಪ ಕೆಳಗ ಜೋತು ಬಿದ್ದು ಆಮ್ಯಾಲೆ ಪ್ಲಗ್ಗಿಗೆ ಏರಲಿ. ನೀರಿನ ಹನಿ ವೈರಿನ ಮ್ಯಾಲೆ ಹರದ್ರ ಅಲ್ಲೇ ಕೆಳಗ ಬೀಳ್ತದ, ಪ್ಲಗ್ಗಿನ ಒಳಗ ಹೋಗಂಗಿಲ್ಲ.

ಮುಂಜಾನೆ ಆರರಿಂದ ಸಂಜಿ ಆರರ ತನಕ, ಹನ್ನೆರಡು ತಾಸು. ರಾತ್ರಿ ಗಿಡಕ್ಕ ನಿದ್ದಿ. ಸೇವಂತಿಗಿ ಈ ಸಲ ದೀಪದ ಕೆಳಗ ಇಲ್ಲೇ ಇಲ್ಲ, ದಸರಾ ಬರೋಕಿಂತ ಮೊದಲ ಮಾಮಿ ಖಿಡಕ್ಯಾಗ ಬಿಟ್ಟು ಬಂದೀನಿ. ಇನ್ನ ಬಿಲ್ಲು. ಆ ಶಾಣ್ಯಾ ದೀಪ 36 ವ್ಯಾಟ್, 18 ತಾಸು, ತಿಂಗಳಿಗೆ 19 ಯುನಿಟ್ ಚಿಲ್ಲರೆ. ಈ ಎರಡು ಟ್ಯೂಬು ಕೂಡಿ 40 ವ್ಯಾಟ್, 12 ತಾಸು, ತಿಂಗಳಿಗೆ 14.4 ಯುನಿಟ್. ಯುನಿಟ್ಟಿಗೆ ಆರು ರೂಪಾಯಿ ಅಂತ ಹಿಡದ್ರ 86 ರೂಪಾಯಿ. ದೊಡ್ಡ ಮಾತಲ್ಲ. ಆದ್ರ ಗೃಹಜ್ಯೋತಿ ಇದ್ದವ್ರು ಲೆಕ್ಕ ಹಾಕ್ರಿ: ನಮ್ಮಂಥ ಹಳೇ ಮೀಟರಿನವ್ರಿಗೆ 2022-23ರ ಸರಾಸರಿ ಮ್ಯಾಲೆ ಶೇಕಡಾ 10 ಹೆಚ್ಚಿನ ತನಕ ಪುಕ್ಕಟ, ಅದಕ್ಕೂ ಮ್ಯಾಲೆ ಉರಸಿದ್ದಕ್ಕ ರೊಕ್ಕ ಕೊಡಬೇಕು, 200 ಯುನಿಟ್ ದಾಟಿತೋ ಪೂರಾ ಬಿಲ್ಲು ಮೈಮ್ಯಾಲೆ. ದಂಡೀ ಮ್ಯಾಲೆ ಇದ್ದ ಮನಿಗೆ ಐದು ಯುನಿಟ್ಟೂ ಭಾಳ ಆಗ್ತದ.

ತುಳಸಿ ಹೆಂಗದ ಅಂತ ಕೇಳ್ತೀರಿ. ಮಾಳಮಡ್ಡಿ ಕಟ್ಟಿ ಮ್ಯಾಲಿನ ತುಳಸಿ ಆಗಿಲ್ಲ, ಆಗಂಗೂ ಇಲ್ಲ, ಯಾವ ದೀಪಾನೂ ಬಿಸಲು ಆಗಂಗಿಲ್ಲ. ಉದ್ದ ಟೊಂಗಿ ಎಲ್ಲಾ ಚಿವುಟಿದೆ, ಈಗ ಮೋಟಾಗಿ ಎಲ್ಲಾ ಕಡೆ ಒಡದದ, ಖಿಡಕಿ ಕಡೆ ವಾಲೋದು ಬಿಟ್ಟದ. ಮುಂಜಾನೆ ಎಂಟಕ್ಕ ಅರ್ಧಾ ತಾಸು ಗ್ಯಾಲರಿ ಮೂಲ್ಯಾಗ ಎರಡು ಬಿಲ್ಡಿಂಗಿನ ಸಂದಿಲೆ ಬಿಸಲು ಬೀಳ್ತದ, ಅಲ್ಲೆ ಇಟ್ಟು ಬರ್ತೀನಿ. ಆ ಮೂಲ್ಯಾಗ ನಮ್ಮ ಮನಿಯವ್ರ ಹಳೇ ವ್ಯಾಯಾಮದ ಸೈಕಲ್ ಇತ್ತು, ಅರಿವಿ ಹಾಕೋ ಗೂಟ ಆಗಿತ್ತು ಅದು. ತೆಗಸಿದೆ. ಈ ಒಂದು ಮಾತಿಗೆ ನಮ್ಮ ಮನ್ಯಾಗ ಹದಿನೈದು ದಿನಾ ಚರ್ಚಾ ನಡೀತು, ಐದು ಸಾವಿರದ ದೀಪಕ್ಕ ಮಾತ್ರ ಐದು ನಿಮಿಷನೂ ನಡಿದಿದ್ದಿಲ್ಲ. ದೀಪಾ ಕೊಳ್ಳೋಕಿಂತ ಮೊದಲ ನಿಮ್ಮ ನಿಮ್ಮ ಗ್ಯಾಲರ್ಯಾಗ, ಖಿಡಕ್ಯಾಗ ಬಿಸಲು ಬೀಳೋ ಜಾಗಾ ಏನು ಹಿಡಕೊಂಡು ಕೂತದ ಅಂತ ಒಂದು ಐತವಾರ ಕೂತು ನೋಡ್ರಿ.

ಯಾರೂ ಸ್ಮಾರ್ಟ್ ದೀಪಾ ತಗೋಬಾರದೇನು ಅಂದ್ರ, ಹಂಗಲ್ಲ. ಬೆಳಗಾವಿ ಮೌಶಿ ಮಗಳು ತಿಂಗಳಾಗ ಹದಿನೈದು ದಿನಾ ಊರಾಗ ಇರಂಗಿಲ್ಲ, ಒಬ್ಬಾಕೀನ ಇರ್ತಾಳ. ಆಕಿಗೆ ಅದು ಕೆಲಸಕ್ಕ ಬಂದೀತು. ಆದ್ರ ಆಕಿ ತನ್ನ ಫೋನಿನ್ಯಾಗ, ತನ್ನ ನಂಬರಿನ್ಯಾಗ ಹಾಕಿಕೊಳ್ಳಲಿ. ತಮ್ಮಗ ಕೊಡೋದು ಬ್ಯಾಡ, ಅವಾ ಎಷ್ಟರೆ ಶಾಣ್ಯಾ ಇರಲಿ. ಮತ್ತ ಆ್ಯಪ್ ನಡಸೋ ಕಂಪನಿ ಅಂಗಡಿ ಮುಚ್ಚಿದ ದಿವಸ ಆ ದೀಪ ಆರಸಲಿಕ್ಕೆ, ಹಚ್ಚಲಿಕ್ಕೆ ಕೈಗೆ ಸಿಗೋ ಗುಂಡಿ ಅದಕ್ಕ ಅದನೋ ಇಲ್ಲೋ ಅಂತ ನೋಡೇ ತಗೋಳ್ಳಿ. ಭಾಳ ದೀಪಕ್ಕ ಇರಂಗಿಲ್ಲ.

ವೈನಿ, ನಿಮ್ಮ ಆರ್ಡರಿನ ವಿಷಯ. ವಾಪಸ್ ಕೊಡಲಿಕ್ಕೆ ಬಂದ ದಿನದಿಂದ ಏಳು ದಿನಾ ಅವಕಾಶ ಅದ ಅಂತ ನೀವ ಹೇಳಿದ್ರಿ. ಪೆಟ್ಟಿಗಿ ಒಡೀಬ್ಯಾಡ್ರಿ. ಶನಿವಾರ ಮಾರ್ಕೆಟ್ಟಿಗೆ ನಾನು ಹ್ಯಾಂಗೂ ಹೊಂಟೀನಿ, ಮಾಮಿಗೂ ಒಂದು ಟೈಮರ್ ತರೋದದ, ನಿಮಗೂ ಒಂದು ತರ್ತೀನಿ. ಭಾವನವ್ರಿಗೆ ಡ್ರಿಲ್ ಮಷಿನ್ ಚಾರ್ಜ್ ಮಾಡಿ ಇಡಲಿಕ್ಕೆ ಹೇಳ್ರಿ. ಹಲಗಿ ಎಷ್ಟು ಅಗಲ ಅದ ಅಂತ ಅಳದು ಇವತ್ತ ಸಂಜಿ ಒಳಗ ನನಗ ತಿಳಸ್ರಿ.